ಮಳೆ ಹಿಡಿಯುವ ಮುನ್ನ ಕಾರಿನ ಕೆಲಸ

ನಮ್ಮ ಮನೆಯಲ್ಲಿರುವುದು 2014ರ ವ್ಯಾಗನ್ ಆರ್. 998 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅದಕ್ಕಿರುವ ಕೆಲಸ ಇಷ್ಟು: ಬೆಳಿಗ್ಗೆ ಹಾಲಿನ ಡೈರಿ, ಆಗೀಗ ಸೊಸೈಟಿ, ವಾರಕ್ಕೊಮ್ಮೆ ಪೇಟೆ, ಅಮ್ಮನನ್ನು ಆಸ್ಪತ್ರೆಗೆ ತೋರಿಸಬೇಕಾದಾಗ ಆಗುಂಬೆ ಘಾಟಿ ಇಳಿದು ಮಣಿಪಾಲ. ದಿನವೂ ಓಡಿದರೂ ಮೀಟರು ಮಾತ್ರ ನಿಧಾನವಾಗಿ ಏರುತ್ತದೆ. ಹಾಗಾಗಿ ‘ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬ ಸರ್ವಿಸ್ ನಿಯಮದಲ್ಲಿ ನಮಗೆ ಅನ್ವಯವಾಗುವುದು ಯಾವಾಗಲೂ ವರ್ಷದ ಲೆಕ್ಕವೇ.

ಕಡಿಮೆ ಓಡುವ ಕಾರಿಗೆ ಆರೈಕೆಯೂ ಕಡಿಮೆ ಸಾಕು ಎಂದು ನಮ್ಮ ಕಡೆ ಬಹಳ ಮಂದಿ ನಂಬಿದ್ದಾರೆ. ಮಲೆನಾಡಿನ ಮಟ್ಟಿಗೆ ನಿಜ ಇದಕ್ಕೆ ತದ್ವಿರುದ್ಧ. ಪೆಟ್ರೋಲು ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ನೀರು ಮತ್ತೆ ಆವಿಯಾಗಿ ಹೊರಟುಹೋಗುತ್ತದೆ. ಡೈರಿಗೆ ಹೋಗಿ ಬರುವಷ್ಟರಲ್ಲಿ ಆಯಿಲು ಕಾಯುವುದೇ ಇಲ್ಲ. ನೀರು ಅಲ್ಲೇ ಉಳಿಯುತ್ತದೆ. ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು ಒಳಮೈ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಕೆನೆ ಬಣ್ಣದ ತೆಳುವಾದ ಲೇಪ. ಎಂಜಿನ್ ತಂಪಿಡುವ ದ್ರವವಾದ ಕೂಲೆಂಟಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಎಂಜಿನ್ನಿನ ಮೇಲ್ಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಕೂಲೆಂಟ್ ಸರಿಯಾಗಿದ್ದು ಲೇಪ ಮಾತ್ರ ಕಂಡರೆ, ಕಾರು ಕಾಯುವಷ್ಟು ಓಡುತ್ತಿಲ್ಲ ಎಂದರ್ಥ. ಅಂಥ ಕಾರಿಗೆ ಆಯಿಲು ಬದಲಿಸಬೇಕಾದದ್ದು ಮೀಟರು ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ.

ಆಯಿಲಿನ ಈ ಮಾತು ಕಾರಿನ ಉಳಿದ ಭಾಗಗಳಿಗೂ ಸಲ್ಲುತ್ತದೆ. ನಮ್ಮಲ್ಲಿ ಕಾರನ್ನು ಹಾಳು ಮಾಡುವುದು ಓಟಕ್ಕಿಂತ ಹೆಚ್ಚಾಗಿ ನೀರು. ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿದರೆ ಮತ್ತೆ ತಳ ಒಣಗುವುದು ನವರಾತ್ರಿಯ ಸುಮಾರಿಗೆ. ಹಾಗಾಗಿ ನಾನು ವರ್ಷದ ದೊಡ್ಡ ಕೆಲಸವನ್ನೆಲ್ಲ ಮೇ ತಿಂಗಳ ಕೊನೆಯ ಭಾಗಕ್ಕೆ ಇಟ್ಟುಕೊಳ್ಳುತ್ತೇನೆ. ಅಡಿಕೆ ಅಂಗಳ ಖಾಲಿ ಇರುತ್ತದೆ, ಬಿಸಿಲು ಇರುತ್ತದೆ, ಬಣ್ಣ ಬಳಿದರೆ ಒಣಗುತ್ತದೆ. ಈ ವರ್ಷ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀರಿನ ದಾರಿ

ಮೊದಲು ಕೈ ಹಾಕಿದ್ದು ಮುಂದಿನ ಗಾಜಿನ ಕೆಳಗಿರುವ ಪ್ಲಾಸ್ಟಿಕ್ ಹಲಗೆಗೆ. ವೈಪರುಗಳು ಹೊರಬರುವ ಜಾಗ ಅದು. ಅದರ ಕೆಳಗೆ ಒಂದು ದೋಣಿಯಂಥ ತಗಡಿನ ಕಾಲುವೆ ಇದೆ. ಗಾಜಿನ ಮೇಲೆ ಸುರಿದ ಮಳೆಯೆಲ್ಲ ಅಲ್ಲಿಗೆ ಇಳಿದು ಎರಡೂ ಪಕ್ಕಗಳಿಂದ ಹೊರಹೋಗಬೇಕು. ಕಾರಿನೊಳಗೆ ಗಾಳಿ ಎಳೆದುಕೊಳ್ಳುವ ಬಾಯಿಯೂ ಅಲ್ಲೇ ಇದೆ. ಕಾಲುವೆ ಕಟ್ಟಿಕೊಂಡರೆ ನೀರು ಆ ಬಾಯಿಗೆ ಏರಿ, ಬ್ಲೋವರ್ ಮೋಟಾರಿನ ಮೂಲಕ ಎಡಗಡೆಯ ಕಾಲಿನ ಬಳಿ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗಿ ಬೂಸಲು ವಾಸನೆ ಬಂದಾಗ ಜನ ಬಾಗಿಲಿನ ರಬ್ಬರನ್ನು ಬೈಯುತ್ತಾರೆ. ಅನೇಕ ಸಲ ತಪ್ಪು ಈ ಕಾಲುವೆಯದಾಗಿರುತ್ತದೆ.

ವೈಪರ್ ತೋಳುಗಳು ಗಾಜಿನ ಮೇಲೆ ಎಲ್ಲಿ ನಿಂತಿವೆ ಎಂದು ಟೇಪು ಅಂಟಿಸಿ ಗುರುತು ಮಾಡಿದೆ. ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೀಚೆಯಾದರೂ ವೈಪರು ಗಾಜಿನ ಚೌಕಟ್ಟಿಗೆ ಬಡಿಯುತ್ತದೆ. ಬುಡದ ನಟ್ಟು ಬಿಚ್ಚಿ, ತೋಳನ್ನು ಮೆಲ್ಲಗೆ ಎಡಬಲಕ್ಕೆ ಅಲುಗಾಡಿಸಿ ಎತ್ತಿದೆ. ಹಲಗೆಯ ಕ್ಲಿಪ್ಪುಗಳು ಹನ್ನೊಂದು ವರ್ಷದ ಬಿಸಿಲು ತಿಂದು ಗಡುಸಾಗಿರುತ್ತವೆ. ಬೆಳಿಗ್ಗೆಯ ತಂಪಿನಲ್ಲಿ ಎಳೆದರೆ ಮುರಿಯುತ್ತವೆ. ಒಂದಿಷ್ಟು ಹೊತ್ತು ಬಿಸಿಲಿಗೆ ನಿಲ್ಲಿಸಿ ಆಮೇಲೆ ತೆಗೆದೆ. ಒಳಗೆ ಹಲಸಿನ ತರಗೆಲೆ, ಅಡಿಕೆಯ ಹಿಂಗಾರದಿಂದ ಉದುರಿದ ಹೂವು, ಕೆಂಪು ಧೂಳು ಸೇರಿ ಗೊಬ್ಬರವೇ ಆಗಿತ್ತು. ಕೈಯಿಂದ ಬಾಚಿ ತೆಗೆದು, ಉಳಿದದ್ದನ್ನು ಬಣ್ಣದ ಬ್ರಷ್ಷಿನಿಂದ ಗುಡಿಸಿದೆ. ನೀರು ಬಿಟ್ಟು ತಳ್ಳುವುದು ಸುಲಭ. ಆದರೆ ಹಾಗೆ ತಳ್ಳಿದ ಕಸ ಹೋಗಿ ಕೂರುವುದು ಕೊನೆಯ ತೂತಿನಲ್ಲಿಯೇ. ಒಣಗಿದ್ದಾಗಲೇ ತೆಗೆಯಬೇಕು. ಆಮೇಲೆ ಒಂದೊಂದೇ ಚೊಂಬು ನೀರು ಹೊಯ್ದು, ಅದು ಮುಂದಿನ ಚಕ್ರದ ಹಿಂಬದಿಯಲ್ಲಿ ಎರಡೂ ಕಡೆ ಸಮನಾಗಿ ಬೀಳುತ್ತದೆಯೇ ಎಂದು ಬಗ್ಗಿ ನೋಡಿದೆ. ಬಿತ್ತು.

ಬಾಗಿಲುಗಳ ಕೆಳ ಅಂಚಿನಲ್ಲಿಯೂ ಇಂಥ ತೂತುಗಳಿವೆ. ಕಿಟಕಿ ಗಾಜಿನ ಪಕ್ಕದಿಂದ ಒಳಗಿಳಿಯುವ ನೀರು ಬಾಗಿಲಿನ ಹೊಟ್ಟೆಯಿಂದ ಹೊರಹೋಗುವುದು ಅಲ್ಲಿಂದಲೇ. ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ; ಹೊರಗೆ ಬಣ್ಣ ಉಬ್ಬಿದಾಗ ತಿಳಿಯುತ್ತದೆ, ಆಗ ತಗಡು ಉಳಿದಿರುವುದಿಲ್ಲ. ಅವನ್ನು ಬಿಡಿಸಲು ಸ್ಕ್ರೂ ಡ್ರೈವರ್ ಬಳಸಬಾರದು. ಅಂಚಿನ ಬಣ್ಣ ಕಿತ್ತರೆ ತುಕ್ಕಿಗೆ ನಾವೇ ಬಾಗಿಲು ತೆರೆದಂತೆ. ಹಿಡಿಸೂಡಿಯ ತೆಂಗಿನ ಕಡ್ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಗಟ್ಟಿ, ಆದರೆ ಬಣ್ಣಕ್ಕಿಂತ ಮೆದು. ಎಡಗಡೆ ಹಿಂದಿನ ಬಾಗಿಲಿನಿಂದ ಒಂದು ಚಮಚದಷ್ಟು ಕೆಸರು ಇಳಿಯಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಇರುವ ಗುಂಡಿಯ ತಳವನ್ನೂ ಚಾಪೆ ಎತ್ತಿ ನೋಡಿದೆ. ಒಣಗಿತ್ತು.

ತಳವನ್ನು ಪೇಟೆಯ ವಾಟರ್ ಸರ್ವಿಸ್‌ನಲ್ಲಿ ತೊಳೆಸಿ, ಎರಡು ಬಿಸಿಲು ಕೊಟ್ಟು ಪರೀಕ್ಷಿಸಿದೆ. ಹಿಂದಿನ ಚಕ್ರದ ಕಮಾನಿನ ಒಳಗೆ, ಕಲ್ಲು ಸಿಡಿದು ಕೋಟಿಂಗ್ ಎದ್ದ ಕಡೆ, ಬೆರಳ ಉಗುರಿನಷ್ಟು ತುಕ್ಕು ಶುರುವಾಗಿತ್ತು. ಉಪ್ಪುಕಾಗದದಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಒಣಗಿದ ಮೇಲೆ ತಳದ ಕಪ್ಪು ಕೋಟಿಂಗ್ ಹಚ್ಚಿದೆ. ತುಕ್ಕಿನ ಮೇಲೆಯೇ ಕೋಟಿಂಗ್ ಬಳಿಯುವವರಿದ್ದಾರೆ. ಅದು ತುಕ್ಕನ್ನು ಬೆಚ್ಚಗೆ ಮುಚ್ಚಿಟ್ಟು ಸಾಕುವ ಕೆಲಸ. ಇನ್ನೊಂದು ಮಾತು: ಕಾರನ್ನು ಎತ್ತಿ ತಳಕ್ಕೆ ಕೋಟಿಂಗ್ ಹೊಡೆಸುವವರು, ಹೊಡೆದ ಮೇಲೆ ನೀರಿನ ತೂತುಗಳು ತೆರೆದಿವೆಯೇ ಎಂದು ನಿಂತು ನೋಡಿಕೊಂಡೇ ಬರಬೇಕು.

ಬ್ರೇಕು

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಂಜು ಕವಿದ ದಿನ, ಒದ್ದೆ ರಸ್ತೆಯಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ ಬ್ರೇಕು ಹೇಗಿರಬೇಕು ಎಂಬುದನ್ನು ಇಳಿದವರಿಗೆ ವಿವರಿಸಬೇಕಾಗಿಲ್ಲ. ವರ್ಷದ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಇದಕ್ಕೇ.

ಚಕ್ರ ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಕಾರಿನ ಜೊತೆ ಬರುವ ಜಾಕು ಸ್ಟೆಪ್ನಿ ಹಾಕಲು ಮಾತ್ರ. ಅದನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು ಕೈಗೆ ಸುಲಭವಾಗಿ ಸಿಗುವುದರಿಂದ ಅದನ್ನೇ ಒತ್ತು ಕೊಡುವ ರೂಢಿ ಇದೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಒಂದೇ ಕಡೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಒಂದು ಜೊತೆ ಉಕ್ಕಿನ ಜಾಕ್ ಸ್ಟ್ಯಾಂಡ್ ಕೊಂಡರೆ ಜೀವಮಾನಕ್ಕೆ ಆಯಿತು. ಎತ್ತದ ಚಕ್ರಗಳಿಗೆ ಮರದ ಬೆಣೆ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಒಮ್ಮೆ ಕೈಯಿಂದ ನೂಕಿ ನೋಡಿಯೇ ಕೆಲಸಕ್ಕೆ ಇಳಿಯುವುದು ನನ್ನ ಪದ್ಧತಿ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರನ್ನು ಎಡಗಡೆ ಎತ್ತಿ ಎರಡೂ ಪ್ಯಾಡುಗಳನ್ನು ತೆಗೆದು ವರ್ನಿಯರ್‌ನಲ್ಲಿ ಅಳೆದೆ. ಹೊರಗಿನ ಪ್ಯಾಡು ಏಳು ಮಿಲಿಮೀಟರ್ ಉಳಿದಿತ್ತು. ಒಳಗಿನದು ನಾಲ್ಕು. ಬಲಗಡೆ ಎರಡೂ ಹೆಚ್ಚುಕಡಿಮೆ ಸಮ. ಒಂದೇ ಚಕ್ರದ ಎರಡು ಪ್ಯಾಡುಗಳ ನಡುವೆ ಇಷ್ಟು ಅಂತರ ಬಂದರೆ ಅದು ಏನನ್ನೋ ಹೇಳುತ್ತಿದೆ. ಇಂಥ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಕ್ಯಾಲಿಪರಿನ ಮೈಯೇ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ಒತ್ತಬೇಕು. ಪಿನ್ನು ಜಾರದೆ ಹಿಡಿದುಕೊಂಡರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ.

ಕೆಳಗಿನ ಪಿನ್ನು ಕೈಗೆ ಸಲೀಸಾಗಿ ಬಂತು. ಮೇಲಿನದು ಬರಲಿಲ್ಲ. ಅದಕ್ಕೆ ತೊಡಿಸಿದ ರಬ್ಬರ್ ಕವಚದ, ಅಂದರೆ ಬೂಟಿನ, ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಅಷ್ಟು ಸಾಕು, ಅಲ್ಲಿಂದ ನೀರು ಒಳಗೆ ಹೋಗಿ ಗ್ರೀಸು ಕಂದು ಮೇಣವಾಗಿ ಗಟ್ಟಿಯಾಗಿತ್ತು, ಪಿನ್ನಿನ ತುದಿಯಲ್ಲಿ ತುಕ್ಕಿನ ಉಂಗುರ. ತಿರುಗಿಸುತ್ತಾ ಎಳೆಯುತ್ತಾ ಹೊರತೆಗೆದು, ತುಕ್ಕನ್ನು ಅತಿ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪಿನ್ನು ಕೂರುವ ತೂತನ್ನು ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯ ಬತ್ತಿಯಿಂದ ಒರೆಸಿದೆ. ಹೊಸ ಬೂಟು ಹಾಕಿ, ಸಿಲಿಕೋನ್ ಗ್ರೀಸು ತೆಳುವಾಗಿ ಸವರಿದೆ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಇಲ್ಲಿಗೆ ಆಗದು. ಖನಿಜ ತೈಲದ ಗ್ರೀಸು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ರಬ್ಬರು ಪಿನ್ನನ್ನು ಮತ್ತೆ ಹಿಡಿಯುತ್ತದೆ. ಈಗ ಕ್ಯಾಲಿಪರನ್ನು ಎರಡು ಬೆರಳಿನಿಂದ ತಳ್ಳಿದರೆ ಜಾರುತ್ತದೆ. ನಾಲ್ಕು ಮಿಲಿಮೀಟರ್ ಪ್ಯಾಡು ಇನ್ನೂ ಓಡುತ್ತಿತ್ತು, ಆದರೆ ಮಳೆಗಾಲದ ನಡುವೆ ಮತ್ತೆ ಬಿಚ್ಚುವ ಇಷ್ಟವಿರಲಿಲ್ಲ. ಎರಡೂ ಕಡೆ ಹೊಸ ಜೊತೆ ಹಾಕಿದೆ. ಪ್ಯಾಡನ್ನು ಒಂದೇ ಚಕ್ರಕ್ಕೆ ಬದಲಿಸಬಾರದು. ಬ್ರೇಕು ಒಂದು ಕಡೆಗೆ ಎಳೆಯುತ್ತದೆ.

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನನ್ನು ಹಿಂದಕ್ಕೆ ಒತ್ತಿದಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲು ಏರುತ್ತದೆ. ತುಳುಕಿ ಬಾನೆಟ್ ಕೆಳಗಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಸುತ್ತ ಒದ್ದೆ ಬಟ್ಟೆ ಹಾಸಿ, ಮೊದಲೇ ಸ್ವಲ್ಪ ಆಯಿಲನ್ನು ಸಿರಿಂಜಿನಿಂದ ಎಳೆದು ತೆಗೆದಿಟ್ಟೆ. ಬಿದ್ದರೂ ಕೂಡಲೇ ನೀರು ಹಾಕಿ ತೊಳೆದರೆ ಹೋಗುತ್ತದೆ.

ಬ್ರೇಕ್ ಆಯಿಲು ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಅದು ತಾನಾಗಿ ಹೀರುತ್ತದೆ. ನಮ್ಮ ಹವೆಯಲ್ಲಿ ಹೀರುವುದಕ್ಕೆ ತೇವದ ಬರವಿಲ್ಲ. ಡಾಟ್ 3 ದರ್ಜೆಯ ದ್ರವ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅವೇ ಅಂಕಿಗಳು 230 ಮತ್ತು 155. ಘಾಟಿಯಲ್ಲಿ ಬ್ರೇಕನ್ನೇ ಒತ್ತಿ ಒತ್ತಿ ಇಳಿದರೆ ಕ್ಯಾಲಿಪರಿನಲ್ಲಿ ಈ ದ್ರವ ಕುದಿಯಬಹುದು. ಕುದಿದರೆ ಅದರೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಆಗ ಪೆಡಲು ನೆಲಕ್ಕೆ ಇಳಿದುಬಿಡುತ್ತದೆ, ಕಾರು ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಚಾಲಕರು ಹೇಳುವುದಕ್ಕೂ, ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ಬದಲಿಸಬೇಕು ಎನ್ನುವುದಕ್ಕೂ ಕಾರಣ ಒಂದೇ.

ದ್ರವ ಬದಲಿಸಲು ಎರಡು ಜನ ಬೇಕು. ಅಣ್ಣನ ಮಗಳು ರಜೆಗೆ ಬಂದಿದ್ದಳು. ಅವಳನ್ನು ಚಾಲಕನ ಸೀಟಿನಲ್ಲಿ ಕೂರಿಸಿದೆ. ಚಕ್ರದ ಬಳಿ ದ್ರವ ಹೊರಬಿಡುವ ಸಣ್ಣ ನಿಪ್ಪಲ್ಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟೆ.

“ಒತ್ತಿ ಹಿಡಿದುಕೋ. ನಾನು ಹೇಳುವವರೆಗೆ ಬಿಡಬೇಡ.”

“ಚಿಕ್ಕಪ್ಪ, ಕಾಲು ಕೆಳಗೆ ಹೋಗುತ್ತಿದೆ.”

“ಹೋಗಲಿ. ಹಾಗೇ ಹಿಡಿದಿರು. ಈಗ ಬಿಡು.”

ಅವಳು ಒತ್ತಿ ಹಿಡಿದಾಗ ನಿಪ್ಪಲ್ ಸಡಿಲಿಸುವುದು, ಪೆಡಲು ಕೆಳಗೆ ಹೋದ ಮೇಲೆ ಬಿಗಿ ಮಾಡುವುದು, ಅದಾದ ಮೇಲೆಯೇ ಅವಳು ಕಾಲು ಎತ್ತುವುದು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಕೈಪಿಡಿ ನೋಡಿ ಮಾಡಬೇಕು. ಡಬ್ಬಿಯಲ್ಲಿ ದ್ರವ ಕನಿಷ್ಠ ಗೆರೆಗಿಂತ ಕೆಳಗೆ ಹೋಗಲು ಬಿಡಬಾರದು. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣ. ತಿಳಿ ಹಳದಿ ಬರುವವರೆಗೆ ನಾಲ್ಕೂ ಚಕ್ರಗಳಲ್ಲಿ ಹರಿಸಿದೆ. ಸೀಲು ಒಡೆದು ಬಹಳ ಕಾಲ ಕಪಾಟಿನಲ್ಲಿಟ್ಟ ಡಬ್ಬಿಯ ದ್ರವವನ್ನು ಇದಕ್ಕೆ ಬಳಸಬೇಡಿ. ಅದು ಅಲ್ಲಿಯೇ ತೇವ ಕುಡಿದಿರುತ್ತದೆ.

ಹಿಂದಿನ ಡ್ರಮ್ ಬ್ರೇಕನ್ನು ನಾನು ಮನೆಯಲ್ಲಿ ಬಿಚ್ಚುವುದಿಲ್ಲ. ಮಧ್ಯದ ದೊಡ್ಡ ನಟ್ಟನ್ನು ಸರಿಯಾದ ಬಿಗಿತಕ್ಕೆ ಮತ್ತೆ ಕೂರಿಸುವ ಸಾಧನ ನನ್ನ ಬಳಿ ಇಲ್ಲ. ಪೇಟೆಯ ಗ್ಯಾರೇಜಿಗೆ ಒಯ್ದು, ಪಕ್ಕದಲ್ಲಿ ನಿಂತು ಬಿಚ್ಚಿಸಿದೆ. ಡ್ರಮ್ಮಿನೊಳಗೆ, ಅದಕ್ಕೆ ಒತ್ತಿ ಚಕ್ರ ನಿಲ್ಲಿಸುವ ಲೈನರಿನ ಪುಡಿ ಮತ್ತು ಕೆಮ್ಮಣ್ಣು ಸೇರಿ ಹೆಪ್ಪುಗಟ್ಟಿತ್ತು. ಹುಡುಗ ಗಾಳಿಯ ಪೈಪು ತಂದ, ಬೇಡವೆಂದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಒದ್ದೆ ಮಾಡಿ ಒರೆಸಿದರೆ ಅಷ್ಟೇ ಸ್ವಚ್ಛವಾಗುತ್ತದೆ. ಆ ಹುಡುಗ ದಿನಕ್ಕೆ ಎಷ್ಟು ಡ್ರಮ್ಮು ಊದುತ್ತಾನೋ. ಅವನಿಗೂ ಮಾಲೀಕರಿಗೂ ಕೂರಿಸಿ ಹೇಳಿ ಬಂದೆ. ಲೈನರುಗಳು ಚೆನ್ನಾಗಿದ್ದವು, ಚಕ್ರದ ಸಿಲಿಂಡರಿನಲ್ಲಿ ಸೋರಿಕೆ ಇರಲಿಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿಸಲಾಯಿತು. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಲೈನರು ತುಕ್ಕು ಹಿಡಿದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಬೆಣೆ ಕೊಟ್ಟರೆ ಸಾಕು.

ಬ್ಯಾಟರಿ, ಅರ್ಥಿಂಗ್, ಇಲಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು, 12.0ಕ್ಕೆ ಇಳಿದರೆ ಬರಿದಾದಂತೆಯೇ. ಎಂಜಿನ್ ಓಡುವಾಗ 14.1. ಅಂದರೆ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಸರಿಯಾಗಿದೆ. ಆದರೂ ಸ್ಟಾರ್ಟು ಮಾಡುವಾಗ ಮೋಟಾರು ಸ್ವಲ್ಪ ಸೋಮಾರಿಯಾಗಿ ತಿರುಗುತ್ತಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಬೇಕು. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಸ್ಟಾರ್ಟು ಮಾಡಿಸಿ. ಎರಡೂ ಒಂದೇ ದಾರಿಯ ಎರಡು ತುದಿಗಳಾದ್ದರಿಂದ ಹೆಚ್ಚೆಂದರೆ 0.2 ವೋಲ್ಟ್ ಕಾಣಬೇಕು. ನನಗೆ ಕಂಡದ್ದು 0.6. ಆ ವೋಲ್ಟೇಜೆಲ್ಲ ಮೋಟಾರಿಗೆ ತಲುಪದೆ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಮೊದಲು ಮೈನಸ್, ಆಮೇಲೆ ಪ್ಲಸ್ ತಂತಿ ಬಿಚ್ಚಿದೆ. ಈ ಅನುಕ್ರಮ ಮುಖ್ಯ. ಮೈನಸ್ ಇರುವಾಗ ಪ್ಲಸ್ ಬಿಚ್ಚುವ ಪಾನಾ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಕಂಬಗಳ ಮೇಲಿನ ಬಿಳಿ-ಹಸಿರು ಹೂವನ್ನು ಬಿಸಿನೀರು ಮತ್ತು ಅಡುಗೆ ಸೋಡದಿಂದ ತೊಳೆದೆ. ಬಳಿಕ ಮೈನಸ್ ತಂತಿ ಕಾರಿನ ಮೈಗೆ ಸೇರುವ ಬೋಲ್ಟು ಮತ್ತು ಗೇರ್‌ಬಾಕ್ಸಿಗೆ ಸೇರುವ ಬೋಲ್ಟು ಎರಡನ್ನೂ ಬಿಚ್ಚಿದೆ. ಗೇರ್‌ಬಾಕ್ಸಿನ ಕಡೆ ತಂತಿಯ ತುದಿಯ ಕಣ್ಣಿನ ಕೆಳಗೆ ಬೂದು ಬಣ್ಣದ ಪುಡಿ ಪದರವಾಗಿ ಕೂತಿತ್ತು. ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಅಳೆದಾಗ 0.15. ಮೋಟಾರು ಈಗ ಹೊಸ ಕಾರಿನಂತೆ ತಿರುಗುತ್ತಿದೆ. ಬ್ಯಾಟರಿ ಅದೇ.

ಇಲಿಯ ವಿಷಯ ಇದಕ್ಕಿಂತ ಕಷ್ಟದ್ದು. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಅವಕ್ಕೆ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ತೆರೆದಾಗ ಒಳಗೆ ಅಡಿಕೆ ಸಿಪ್ಪೆಯ ನಾರು, ಎರಡು ಭತ್ತದ ಕಾಳು. ತಂತಿಗೆ ಹಲ್ಲು ಬಿದ್ದಿರಲಿಲ್ಲ. ನುಸಿ ಗುಳಿಗೆ, ಹೊಗೆಸೊಪ್ಪು, ಪೇಟೆಯಲ್ಲಿ ಸಿಗುವ ಸ್ಪ್ರೇ, ಇವೆಲ್ಲದರ ವಾಸನೆ ಮಳೆಯ ತೇವಕ್ಕೆ ಬೇಗ ಸಾಯುತ್ತದೆ. ನನಗೆ ನಂಬಿಕೆ ಇರುವುದು ಎರಡು ಉಪಾಯಗಳಲ್ಲಿ. ಒಂದು, ಗಾಳಿ ಎಳೆಯುವ ಬಾಯಿಗಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಕಟ್ಟುವುದು. ಇನ್ನೊಂದು, ಕೊಟ್ಟಿಗೆಯಲ್ಲಿ ನಿಲ್ಲಿಸಿದ ಮೇಲೆ ರಾತ್ರಿ ಬಾನೆಟ್ ಎತ್ತಿ, ಮೇಲೆ ಒಂದು ಸಣ್ಣ ವಿದ್ಯುತ್ ದೀಪ ಉರಿಸಿಡುವುದು. ಕತ್ತಲೆ ಮತ್ತು ಮರೆ ಎರಡೂ ಇಲ್ಲದ ಕಡೆ ಇಲಿ ಗೂಡು ಕಟ್ಟುವುದಿಲ್ಲ. ಭತ್ತದ ಚೀಲ, ಹಿಂಡಿಯ ಚೀಲಗಳನ್ನು ಕಾರಿನ ಪಕ್ಕದಿಂದ ಬೇರೆ ಕಡೆ ಸಾಗಿಸಿದೆ. ಬೆಳಿಗ್ಗೆ ಬಾನೆಟ್ ಮುಚ್ಚುವಾಗ ಒಮ್ಮೆ ಒಳಗೆ ನೋಡಿದರೆ ದಿನದ ತಪಾಸಣೆಯೂ ಆಯಿತು.

ಅಲ್ಲೇ ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬೆರಳಿನಿಂದ ಹಿಂಡಿ ನೋಡಿದೆ. 20% ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ಸಿಕ್ಕಿತು; ಈಗ ಬಂಕುಗಳಲ್ಲಿ ಬಹುಪಾಲು ಸಿಗುವುದು ಅದೇ. 2014ರ ಕಾರಿನ ರಬ್ಬರು ಆ ಇಂಧನವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಪೈಪು ಮೆತ್ತಗಾಗಿ ಅಂಟಂಟಾಗಿದೆಯೇ, ಮಡಚಿದ ಕಡೆ ಬಿರುಕಿದೆಯೇ, ಕ್ಲಿಪ್ಪಿನ ಬಳಿ ಬೆವರಿದೆಯೇ, ವಾಸನೆ ಇದೆಯೇ ಎಂದು ನೋಡಬೇಕು. ಒಂದು ಪೈಪು ಮಡಿಕೆಯಲ್ಲಿ ಬಿರಿದಿತ್ತು, ಸೋರುತ್ತಿರಲಿಲ್ಲ. ಬದಲಿಸಿದೆ. ಪೆಟ್ರೋಲಿನ ವಿಷಯದಲ್ಲಿ ಸೋರುವವರೆಗೆ ಕಾಯುವುದು ಎಂಬುದಿಲ್ಲ.

ಆಯಿಲು, ಕೂಲೆಂಟು, ಟಯರು

ಆಯಿಲು ಬದಲಿಸುವುದು ಎಲ್ಲರೂ ಬಲ್ಲ ಕೆಲಸ. ಕಾರನ್ನು ಪೇಟೆಯವರೆಗೆ ಓಡಿಸಿ ತಂದು, ಬಿಸಿ ಇರುವಾಗ ಇಳಿಸಿದರೆ ಮಡ್ಡಿಯೂ ಜೊತೆಯಲ್ಲಿ ಇಳಿಯುತ್ತದೆ. ತಳದ ಬೋಲ್ಟಿಗೆ ಹೊಸ ವಾಶರ್. ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ, ಕೈಯಿಂದಲೇ ಬಿಗಿ. ದರ್ಜೆ ಕೈಪಿಡಿಯಲ್ಲಿ ಇದ್ದಂತೆ 5ಡಬ್ಲ್ಯೂ-30. ಹಳೆಯ ಆಯಿಲನ್ನು ಗೆದ್ದಲು ಬರದಿರಲೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ನಮ್ಮ ಕಡೆ ಇದೆ. ಮೊದಲ ಮಳೆಗೆ ಅದು ಮಣ್ಣಿಗೆ ಇಳಿಯುತ್ತದೆ, ಅಲ್ಲಿಂದ ಬಾವಿಗೆ. ನಾನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ. ಅಲ್ಲಿಂದ ಸಂಸ್ಕರಿಸುವವರು ಒಯ್ಯುತ್ತಾರೆ.

ಸರ್ವಿಸ್ ಬಿಲ್ಲಿನಲ್ಲಿ ಕಾಣುವ ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್ ಎಂಬ ಎಂಜಿನ್ನಿನ ಒಳಗನ್ನು ಶುಚಿ ಮಾಡುವ ಕೆಲಸಗಳಿಗೆ ನಾನು ದುಡ್ಡು ಕೊಡುವುದಿಲ್ಲ. ಕಾಲಕಾಲಕ್ಕೆ ಆಯಿಲು ಬದಲಾದ ಎಂಜಿನ್ನಿಗೆ ಅವು ಬೇಕಾಗುವುದಿಲ್ಲ. ಅದೇ ದುಡ್ಡಿಗೆ ಬ್ರೇಕ್ ದ್ರವ, ಕೂಲೆಂಟು, ವೈಪರ್ ಬ್ಲೇಡು, ಎರಡು ಹೋಸ್ ಪೈಪು ಬರುತ್ತವೆ.

ಕೂಲೆಂಟಿಗೆ ಬಾವಿ ನೀರು ಬೆರೆಸಬಾರದು. ಅದರ ಲವಣಗಳು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ಬೆರೆಸಿಯೇ ಬರುವ ಕೂಲೆಂಟು ಕೊಂಡರೆ ಈ ಯೋಚನೆ ಇಲ್ಲ. ಇಲ್ಲವಾದರೆ ಡಿಸ್ಟಿಲ್ಡ್ ವಾಟರ್. ಎಂಜಿನ್ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಬೇಕು. ಹಳ್ಳಿಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ: ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಇಳಿಸಿದ ಬಾಣಲಿಯನ್ನು ಅಂಗಳದಲ್ಲಿ ಬಿಟ್ಟರೆ ನಾಯಿಯೋ ಕರುವೋ ನೆಕ್ಕುತ್ತದೆ. ಸ್ವಲ್ಪವೇ ಸಾಕು ನಾಯಿಯ ಮೂತ್ರಪಿಂಡ ಕೆಡಲು. ಇಳಿಸಿದ ಕೂಡಲೇ ಮುಚ್ಚಿದ ಡಬ್ಬಿಗೆ ತುಂಬಿ, ನೆಲಕ್ಕೆ ಬಿದ್ದದ್ದನ್ನು ಧಾರಾಳ ನೀರು ಹಾಕಿ ತೊಳೆದೆ.

ಟಯರಿನ ಮೈಮೇಲಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಅಂದರೆ ಟಯರಿನ ಕೊನೆ. ಮಳೆ ನಾಡಿನಲ್ಲಿ ಅಲ್ಲಿಯವರೆಗೆ ಹೋಗಬಾರದು. ನೀರನ್ನು ಪಕ್ಕಕ್ಕೆ ತಳ್ಳುವುದು ಆ ಕಾಲುವೆಗಳೇ. ಮೂರು ಮಿಲಿಮೀಟರಿಗೆ ಇಳಿದರೆ ನಾನು ಮಳೆಗಾಲಕ್ಕೆ ಮುನ್ನ ಬದಲಿಸುತ್ತೇನೆ. ಮುಂದಿನ ಎರಡೂ ಐದರಷ್ಟಿದ್ದವು. ಆದರೆ ಸ್ಟೆಪ್ನಿಯ ಪಕ್ಕದ ಗೋಡೆಯಲ್ಲಿ 2214 ಎಂದಿತ್ತು: 2014ರ 22ನೇ ವಾರದಲ್ಲಿ ತಯಾರಾದದ್ದು. ಒಮ್ಮೆಯೂ ರಸ್ತೆ ಕಾಣದ ಟಯರು, ನೋಡಲು ಹೊಸದು, ಮಡಚಿದರೆ ಗೋಡೆಯಲ್ಲಿ ಸಣ್ಣ ಬಿರುಕುಗಳ ಬಲೆ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಘಾಟಿಯ ನಡುವೆ ರಾತ್ರಿ ಪಂಕ್ಚರ್ ಆದಾಗ ಆಸರೆಯಾಗಬೇಕಾದದ್ದು ಅದು. ಹೊಸ ಟಯರು ತಂದೆ.

ವೈಪರ್ ಬ್ಲೇಡುಗಳನ್ನು ಪ್ರತಿ ಮೇ ತಿಂಗಳಲ್ಲಿ ಬದಲಿಸುತ್ತೇನೆ. ಬೇಸಿಗೆಯ ಬಿಸಿಲು ಅವುಗಳ ಅಂಚನ್ನು ತಿಂದಿರುತ್ತದೆ. ಪ್ಲಗ್ಗುಗಳು ಚೆನ್ನಾಗಿದ್ದವು, ಒರೆಸಿ ಹಾಕಿದೆ. ಬಲ್ಬುಗಳೆಲ್ಲ ಉರಿಯುತ್ತವೆ. ಹೊಗೆ ತಪಾಸಣೆಯ ಚೀಟಿ ಹೊಸದು ಮಾಡಿಸಿದೆ.

ಎಲ್ಲ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡುಗಳನ್ನು ಪಳಗಿಸಿದೆ: ಐವತ್ತರ ವೇಗದಿಂದ ಹತ್ತಕ್ಕೆ ಮೆಲ್ಲಗೆ ಇಳಿಸುವುದು, ತಣಿಯಲು ಬಿಡುವುದು, ಮತ್ತೆ ಅದೇ. ಆಮೇಲೆ ಸ್ಟಿಯರಿಂಗನ್ನು ಹಗುರವಾಗಿ ಹಿಡಿದು ಬ್ರೇಕು ಒತ್ತಿದಾಗ ಕಾರು ನೇರವಾಗಿ ನಿಂತಿತು. ಆಗುಂಬೆಯಿಂದ ಸೋಮೇಶ್ವರದವರೆಗೆ ಎರಡನೇ ಗೇರಿನಲ್ಲಿ ಇಳಿದು, ಕೆಳಗೆ ನಿಲ್ಲಿಸಿ ಎರಡೂ ಮುಂದಿನ ಚಕ್ರಗಳ ಬಳಿ ಕೈ ಹಿಡಿದು ಬಿಸಿ ನೋಡಿದೆ. ಎರಡೂ ಸಮ, ಪಿನ್ನು ಇನ್ನೂ ಹಿಡಿದಿದ್ದರೆ ಎಡಗಡೆಯದು ಹೆಚ್ಚು ಕಾಯಬೇಕಿತ್ತು. ಪೆಡಲು ಮೇಲೆ ಹೇಗಿತ್ತೋ ಕೆಳಗೂ ಹಾಗೆಯೇ ಗಟ್ಟಿಯಾಗಿತ್ತು.

ಬಾಕಿ ಉಳಿದಿರುವುದು ಒಂದು. ಬಲಗಡೆ ಮುಂದಿನ ಚಕ್ರವನ್ನು ಹಿಡಿದಿರುವ ಕೆಳತೋಳಿನ (ಲೋವರ್ ಆರ್ಮ್) ಬುಶ್ಶಿನ ರಬ್ಬರಿನಲ್ಲಿ ಮೇಲ್ಮೈ ಬಿರುಕು ಕಾಣಿಸಿದೆ. ಸನ್ನೆಗೋಲು ಹಾಕಿ ಮೀಟಿ ನೋಡಿದೆ, ಸಡಿಲವಿಲ್ಲ. ತಿಂಗಳಿಗೊಮ್ಮೆ ನೋಡುತ್ತಿರುವುದು, ಸದ್ದು ಬಂದರೆ ಕೂಡಲೇ, ಬಾರದಿದ್ದರೆ ದೀಪಾವಳಿಯ ನಂತರ ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ ಅಲೈನ್‌ಮೆಂಟ್ ಮಾಡಿಸುವುದು ಎಂದು ಕಾರಿನ ಪುಸ್ತಕದಲ್ಲಿ ದಿನಾಂಕ, ಮೀಟರು ಸಹಿತ ಬರೆದಿಟ್ಟಿದ್ದೇನೆ.